ನೀರೊಳಗಿನ ಎಮ್ಮೆಗೆ ಚೌಕಾಸಿ

ಕಳೆದ ದೀಪಾವಳಿಯಲ್ಲಿ ತುಮಕೂರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹಬ್ಬದೂಟ ಮುಗಿದು ಎಲೆ ಎತ್ತಿಯಾಗಿತ್ತು. ನಾನು, ನನ್ನ ತಮ್ಮ, ನಮ್ಮಿಬ್ಬರ ಮಕ್ಕಳು, ತಂಗಿಯ ಗಂಡ, ಹೀಗೆ ಐದು ಜನ ಗಂಡಸರು ನಡುಮನೆಯಲ್ಲಿ ಕಾಲು ಚಾಚಿಕೊಂಡು, ಇನ್ನೂ ಬಿಡುಗಡೆಯೇ ಆಗದ ಒಂದು ಫೋನನ್ನು ಅದರ ಎದುರಾಳಿಗಳ ಪಕ್ಕದಲ್ಲಿಟ್ಟು ತೂಗುತ್ತಿದ್ದೆವು. ಇಟ್ಟು ಎಂದರೆ ಬಾಯಲ್ಲೇ. ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ, ಮುಟ್ಟಿದವರಲ್ಲ. ಆದರೂ ಅದರ ಚಾರ್ಜರ್ ಎಷ್ಟು ವಾಟ್, ಬೆನ್ನಿನ ಕ್ಯಾಮೆರಾ ಎಷ್ಟು ಉಬ್ಬಿರುತ್ತದೆ, ಗೇಮ್ ಆಡಿದರೆ ಕಾಯುತ್ತದೋ ಇಲ್ಲವೋ ಎಂಬುದರಲ್ಲಿ ಒಬ್ಬೊಬ್ಬರಿಗೂ ಕೋರ್ಟಿನಲ್ಲಿ ಸಾಕ್ಷಿ ಹೇಳುವಷ್ಟು ಖಾತ್ರಿಯಿತ್ತು. ಎರಡು ಗಂಟೆ ಕಳೆಯಿತು. ಅಷ್ಟರಲ್ಲಿ ಅಮ್ಮ ತನ್ನ ಫೋನು ಹಿಡಿದುಕೊಂಡು ಮೂರು ಸಲ ಬಾಗಿಲಿಗೆ ಬಂದಳು. "ಇದನ್ನ ಒಂಚೂರು ನೋಡ್ರಪ್ಪ, ಆ ಕಡೆಯೋರು ಮಾತಾಡೋದು ಕೇಳ್ಸೋದೇ ಇಲ್ಲ." ಮೂರನೆಯ ಸಲ ತಮ್ಮ ತಲೆ ಎತ್ತದೆಯೇ ಹೇಳಿದ: "ಅದು ಹಳೇದಾಯ್ತಮ್ಮ. ಇದು ಬರ್ಲಿ ಇರು, ನಂದೇ ನಿಂಗೆ ಕೊಡ್ತೀನಿ." ಅಮ್ಮ ಒಳಗೆ ಹೋದಳು. ನಾವು ಬಿಟ್ಟಲ್ಲಿಂದ ಮುಂದುವರಿಸಿದೆವು.

ಐವರೂ ಓದಿಕೊಂಡವರು. ತಿಳಿಯದೆ ಹೀಗಾಯಿತು ಎಂದು ತಪ್ಪಿಸಿಕೊಳ್ಳಲು ನಮಗೆ ದಾರಿಯಿಲ್ಲ. ನೀರೊಳಗಿರುವ ಎಮ್ಮೆಗೆ ಚೌಕಾಸಿ ಮಾಡುವವನನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಆ ದಡ್ಡತನವನ್ನೇ ನಾವು ಬುದ್ಧಿವಂತಿಕೆಯ ಗುರುತಾಗಿ ಮಾಡಿಕೊಂಡಿದ್ದೇವೆ. ಚಿಕ್ಕಂದಿನಲ್ಲಿ ಅಪ್ಪ ಒಮ್ಮೆ ನನ್ನನ್ನು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ಹಳ್ಳಿಕಾರ್ ಜೋಡಿ ನೋಡಲು ಬಂದಿದ್ದ ರೈತನೊಬ್ಬ ಹೋರಿಯ ತುಟಿ ಬಿಡಿಸಿ ಹಲ್ಲು ಎಣಿಸಿದ, ಗೊರಸು ಎತ್ತಿ ನೋಡಿದ, ಹತ್ತು ಹೆಜ್ಜೆ ನಡೆಸಿ ತಿರುಗಿಸಿ ಮತ್ತೆ ನಡೆಸಿದ. ಮಾರುವವನು ಪಕ್ಕದಲ್ಲಿ ನಿಂತು ಹೊಗಳುತ್ತಲೇ ಇದ್ದ. ಈತ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕೇಳಿದ, ಕುದುರಲಿಲ್ಲ, ಎದ್ದು ಹೋದ. ಆ ಜಾತ್ರೆ ನಡೆಯುವ ಅದೇ ದೊಡ್ಡಬಳ್ಳಾಪುರ, ದೇವನಹಳ್ಳಿಯ ಸೀಮೆಯಲ್ಲಿ ಇವತ್ತು ಫಾಕ್ಸ್‌ಕಾನ್ ಕಾರ್ಖಾನೆ ಐಫೋನ್ ಜೋಡಿಸುತ್ತದೆ. ಹಲ್ಲು ಎಣಿಸಿ ಕೊಳ್ಳುತ್ತಿದ್ದವರ ಮೊಮ್ಮಕ್ಕಳಾದ ನಾವು ಮಾರುವವನ ಹೊಗಳಿಕೆಯನ್ನು ಬಾಯಿಪಾಠ ಮಾಡಿಕೊಂಡು, ಅವನಿಗಿಂತ ಮುಂಚೆ, ಅವನಿಗಿಂತ ಜೋರಾಗಿ ಕೂಗುತ್ತಿದ್ದೇವೆ. ಅವನು ಕೂಲಿಯನ್ನೂ ಕೊಡುತ್ತಿಲ್ಲ.

ಹೋಲಿಸಿ ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇರುವ ಎರಡನ್ನು ಕೈಯಲ್ಲಿ ಹಿಡಿದು ಹೋಲಿಸುವುದು ವಿವೇಕ. ಬಿಡುಗಡೆಗೆ ಮುಂಚೆ ಮಾಡುವ ಹೋಲಿಕೆಯಲ್ಲಿ ಇರುವುದು ಎರಡು ಜಾಹೀರಾತುಗಳು ಮಾತ್ರ, ಒಂದು ಆಗಲೇ ಬಂದದ್ದು, ಇನ್ನೊಂದು ಬರಲಿರುವುದು. ಕವಚ ತಯಾರಿಸುವವರ ಅಚ್ಚಿನಿಂದ ಒಂದು ಚಿತ್ರ, ಬಿಐಎಸ್ ನೋಂದಣಿಯ ಪಟ್ಟಿಯಿಂದ ಒಂದು ಮಾದರಿ ಸಂಖ್ಯೆ, ಎಲ್ಲಿಂದಲೋ ಹಾರಿಬಂದ ಒಂದು ಅಂಕಿ. ಇದಕ್ಕೆ ನಾವು ಸೋರಿಕೆ ಎನ್ನುತ್ತೇವೆ. ಸೂರು ತಾನಾಗಿ ಸೋರಿದ್ದೋ, ಯಜಮಾನನೇ ಹೆಂಚು ಸರಿಸಿಟ್ಟನೋ ಎಂದು ಕೇಳುವಷ್ಟು ಅನುಮಾನವೂ ನಮ್ಮಲ್ಲಿ ಉಳಿದಿಲ್ಲ. ತರಕಾರಿಯವಳ ತಕ್ಕಡಿಯನ್ನು ಮಾತ್ರ ಇವತ್ತಿಗೂ ಬಗ್ಗಿ ನೋಡುತ್ತೇವೆ.

ಅಪ್ಪ ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು ಒಂದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರದ ಕಾರ್ಖಾನೆ ಮುಂದೆ ನಮ್ಮ ತುಮಕೂರಿಗೂ ಬಂತು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಅಪ್ಪ ಅದಕ್ಕೆ ಕೀ ಕೊಡುತ್ತಿದ್ದರು. ಗಾಜು ಎರಡು ಸಲ ಬದಲಾಯಿತು, ಪಟ್ಟಿ ಎಷ್ಟು ಸಲವೋ ಲೆಕ್ಕವಿಲ್ಲ. ವರ್ಷಕ್ಕೊಮ್ಮೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವರ ಮುಂದೆ ಬಿಚ್ಚಿಕೊಂಡು ಎಣ್ಣೆ ಹಾಕಿಸಿಕೊಂಡು ಬರುತ್ತಿತ್ತು. ಹೀಗೆ ಮೂವತ್ತನಾಲ್ಕು ವರ್ಷ. ಆ ಕಾಲವೆಲ್ಲ ಚಿನ್ನ ಎನ್ನುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಮನೆಗೆ ಟೆಲಿಫೋನು ಬೇಕೆಂದರೆ ವರ್ಷಗಟ್ಟಲೆ ಕಾಯುತ್ತಿದ್ದ, ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದ ಆ ದಿನಗಳು ಯಾರಿಗೂ ಬೇಡ. ಆದರೆ ಅವರು ಒಂದು ವಾರ ಯೋಚಿಸಿ ಕೊಂಡು ಮೂವತ್ತು ವರ್ಷ ನೋಡಿಕೊಂಡರು. ನಾವು ಆರು ತಿಂಗಳು ಜಪ ಮಾಡಿ ಕೊಂಡು ಆರನೇ ವಾರಕ್ಕೆ ಮುಂದಿನದರ ಸುದ್ದಿಗೆ ಕಿವಿ ನಿಮಿರಿಸುತ್ತೇವೆ. ವಸ್ತು ಕೈಗೆ ಬರುವ ಮುಂಚಿನದೇ ನಮ್ಮ ಸಂಭ್ರಮದ ಕಾಲ; ಬಂದ ಮೇಲೆ ಅದು ಬರೀ ಕಂತು.

ಪಾಠ ಕಲಿಸುವವರು ಸಿಗಲಿಲ್ಲವೇ? 2016 ಒಂದೇ ವರ್ಷ ಸಾಕಿತ್ತು. ಆ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಫೆಬ್ರವರಿಯಲ್ಲಿ ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪನಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುವುದಾಗಿ ಸಾರಿತು: ಫ್ರೀಡಂ 251. ಪತ್ರಕರ್ತರ ಕೈಗೆ ಕೊಟ್ಟ ಮಾದರಿಯಲ್ಲಿ ಆಡ್‌ಕಾಮ್ ಎಂಬ ಬೇರೊಂದು ಕಂಪನಿಯ ಹೆಸರಿನ ಮೇಲೆ ವೈಟ್‌ನರ್ ಬಳಿದಿತ್ತು. ನಾವು ಬಾಲವಾಡಿಯ ಮಕ್ಕಳಲ್ಲ. 251 ರೂಪಾಯಿಗೆ ಒಂದು ಒಳ್ಳೆ ಚಾರ್ಜರ್ ಕೂಡ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಏಳು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರೆಂದು ಕಂಪನಿ ಹೇಳಿಕೊಂಡಿತು. ಆ ಲೆಕ್ಕ ಉಬ್ಬಿಸಿದ್ದೇ ಇರಲಿ, ದೇಶದ ತುಂಬ ಜನ ಅದರ 1 ಜಿಬಿ ರ‍್ಯಾಮನ್ನು ನಾಲ್ಕು ಸಾವಿರದ ಫೋನುಗಳ ಜೊತೆ ಗಂಭೀರವಾಗಿ ಹೋಲಿಸಿ ಮಾತಾಡಿದ್ದು ಸುಳ್ಳಲ್ಲ. ಮರುವರ್ಷ ಕಂಪನಿಯ ಮುಖ್ಯಸ್ಥನೇ ವಂಚನೆಯ ದೂರಿನ ಮೇಲೆ ಬಂಧನಕ್ಕೊಳಗಾದ.

ಅದನ್ನು ಬಡವರ ಆಸೆ ಎಂದು ಬದಿಗಿಡುವವರಿಗೆ ಅದೇ 2016ರ ಆಗಸ್ಟ್ ಇದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಬರುವ ಮುಂಚೆಯೇ ಅದನ್ನು ಇನ್ನೂ ಹುಟ್ಟದ ಐಫೋನ್ 7ರ ಎದುರು ನಿಲ್ಲಿಸಿ, ಗೆದ್ದಿತೆಂದು ಘೋಷಿಸಿಯೂ ಆಗಿತ್ತು. ಗೆಲ್ಲಿಸಿದ ಅಂಕಿಗಳಲ್ಲೊಂದು ಬ್ಯಾಟರಿಯದು. ಹಿಂದಿನ ನೋಟ್ 5ರಲ್ಲಿ 3000 ಎಂಎಎಚ್ ಇದ್ದದ್ದು ಇದರಲ್ಲಿ 3500 ಆಗಿತ್ತು. ಆಗಸ್ಟ್ 19ಕ್ಕೆ ಮಾರಾಟ ಶುರು. ಸೆಪ್ಟೆಂಬರ್ 2ಕ್ಕೆ ವಾಪಸ್ ಕರೆ, ಸುಮಾರು 25 ಲಕ್ಷ ಫೋನುಗಳಿಗೆ. ಬದಲಿಗೆ ಕೊಟ್ಟವೂ ಹೊತ್ತಿಕೊಂಡವು. ಅಕ್ಟೋಬರ್ 11ಕ್ಕೆ ತಯಾರಿಕೆಯೇ ನಿಂತಿತು. ವಿಮಾನ ಹತ್ತಿದರೆ ಗಗನಸಖಿಯರು ಆ ಫೋನಿನ ಹೆಸರು ಹಿಡಿದು ಎಚ್ಚರಿಸುವ ಸ್ಥಿತಿ ಬಂತು. ಮರು ಜನವರಿಯಲ್ಲಿ ಕಂಪನಿಯೇ ಕಾರಣ ಹೇಳಿತು: ಒಬ್ಬ ಪೂರೈಕೆದಾರನ ಬ್ಯಾಟರಿಯ ಮೂಲೆಯಲ್ಲಿ ಜಾಗ ಸಾಲದೆ ಒಳಗಿನ ಪದರ ಬಾಗಿತ್ತು, ಇನ್ನೊಬ್ಬನದರಲ್ಲಿ ಬೆಸುಗೆಯ ಮುಳ್ಳು ಚುಚ್ಚಿತ್ತು. ಕಾಗದದ ಮೇಲೆ ಯಾವುದನ್ನು ಮೆಚ್ಚಿ ಅಂಕ ಕೊಟ್ಟೆವೋ ಆ ಅಂಗವೇ ಜನರ ಜೇಬಿನಲ್ಲಿ ಉರಿಯಿತು. ಗೆದ್ದಿತೆಂದು ತೀರ್ಪು ಕೊಟ್ಟವರು ಯಾರಾದರೂ ತಲೆ ತಗ್ಗಿಸಿದರೇ? ಅಷ್ಟು ಹೊತ್ತಿಗೆ ನಾವು ಗ್ಯಾಲಕ್ಸಿ ಎಸ್8 ಹೇಗಿರುತ್ತದೆಂದು ಮಾತಾಡುತ್ತಿದ್ದೆವು.

ಈ ಅಂಕಿಗಳಾದರೂ ನಮಗೆ ಅರ್ಥವಾಗುತ್ತವೆಯೇ ಎಂದರೆ ಅದೂ ಇಲ್ಲ. 108 ಮೆಗಾಪಿಕ್ಸೆಲ್ ಎಂದು ಕುಣಿಯುತ್ತೇವೆ. ಸಾಮಾನ್ಯವಾಗಿ ಆ ಕ್ಯಾಮೆರಾ ಒಂಬತ್ತೊಂಬತ್ತು ಚುಕ್ಕಿಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೈಗಿಡುತ್ತದೆ. ಬೆಂಚ್‌ಮಾರ್ಕ್ ಎಂಬ ಪರೀಕ್ಷೆಯ ಅಂಕಗಳನ್ನು ಮಗನ ಮಾರ್ಕ್ಸ್ ಕಾರ್ಡಿಗಿಂತ ಶ್ರದ್ಧೆಯಿಂದ ಓದುತ್ತೇವೆ. 2022ರ ಮಾರ್ಚ್‌ನಲ್ಲಿ ಬಯಲಾದ ಸಂಗತಿ ಏನು? ಗ್ಯಾಲಕ್ಸಿ ಎಸ್22 ಸರಣಿಯಲ್ಲಿದ್ದ ಒಂದು ತಂತ್ರಾಂಶ ಸಾವಿರಾರು ಆ್ಯಪ್‌ಗಳ ವೇಗಕ್ಕೆ ಕಡಿವಾಣ ಹಾಕುತ್ತಿತ್ತು, ಅಂಕ ಕೊಡುವ ಆ್ಯಪ್‌ಗಳನ್ನು ಮಾತ್ರ ಬಿಟ್ಟು. ಗೀಕ್‌ಬೆಂಚ್‌ನವರು ಆ ಫೋನುಗಳನ್ನು, ಹಿಂದಿನ ಮೂರು ಸರಣಿಗಳನ್ನೂ ಸೇರಿಸಿ, ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಶಾಲೆಗೆ ಸುಣ್ಣ ಬಳಿಯುವುದನ್ನು ಕಂಡೇ ಬೆಳೆದವರು ನಾವು. ಆದರೂ ಬೆರಗಾದೆವು.

ಇಷ್ಟು ಪರೀಕ್ಷಿಸುವ ಬುದ್ಧಿ, ಇಷ್ಟು ತಾಳ್ಮೆ, ರಾತ್ರಿ ಒಂದು ಗಂಟೆಯವರೆಗೆ ಕೂತು ಕಾಲು ಮಿಲಿಮೀಟರಿನ ವ್ಯತ್ಯಾಸ ಹುಡುಕುವ ಹಟ ನಮ್ಮಲ್ಲಿ ಇದೆಯಲ್ಲ, ಅದನ್ನು ನಾವು ಬೇರೆಲ್ಲಿ ಬಳಸುತ್ತೇವೆ? ಬಿಡುಗಡೆಗೆ ಮುಂಚೆಯೇ ಹೋಲಿಸಿ ನೋಡಿ ಎಂದು ಕಾನೂನೇ ನಮ್ಮ ಕೈಗೆ ಕೊಡುವ ಕಾಗದವೊಂದಿದೆ: ಚುನಾವಣಾ ಅಭ್ಯರ್ಥಿಯ ಪ್ರಮಾಣಪತ್ರ. ಆಸ್ತಿ, ಸಾಲ, ಮೊಕದ್ದಮೆ, ಓದು ಎಲ್ಲವೂ ಅದರಲ್ಲಿ ಮತದಾನಕ್ಕೆ ಮುಂಚೆಯೇ ಇರುತ್ತದೆ, ಎದುರಾಳಿಯದೂ ಪಕ್ಕದಲ್ಲೇ ಇರುತ್ತದೆ. ನಮ್ಮ ಮನೆಯ ಐದು ಜನರಲ್ಲಿ ಎಷ್ಟು ಜನ ಅದನ್ನು ಒಮ್ಮೆಯಾದರೂ ತೆರೆದು ನೋಡಿದ್ದೇವೆ? ಒಬ್ಬರೂ ಇಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ, ಫೋನಿನ ಬಗ್ಗೆ ಇಡೀ ದೇಶಕ್ಕೇ ಪಾಠ ಹೇಳುವ ಬೆಂಗಳೂರಿನ ಮೂರು ನಗರ ಕ್ಷೇತ್ರಗಳಲ್ಲಿ ಮತ ಹಾಕಿದವರು ಶೇ. 54ರ ಆಸುಪಾಸು. ಮನೆ ಸಾಲದ ಕರಾರು ಓದದೆ ಸಹಿ ಹಾಕುತ್ತೇವೆ. ಆರೋಗ್ಯ ವಿಮೆಯಲ್ಲಿ ಏನೇನು ಬಿಟ್ಟಿದ್ದಾರೆಂದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ತಿಳಿದುಕೊಳ್ಳುತ್ತೇವೆ. ಮಗ ಓದುವ ಕಾಲೇಜಿನ ಲ್ಯಾಬು ಹೇಗಿದೆಯೆಂದು ಹೋಗಿ ನೋಡಿದವನಲ್ಲ ನಾನು. ಅವನಿಗೆ ಬರಲಿರುವ ಚಿಪ್ಪಿನ ನ್ಯಾನೊಮೀಟರ್ ಗೊತ್ತು ಎಂದು ನೆಂಟರ ಮುಂದೆ ಹೆಮ್ಮೆ ಪಟ್ಟವನು. ಮಕ್ಕಳನ್ನು ಬೈಯುವ ಹಕ್ಕು ನಮಗೆಲ್ಲಿಂದ ಬಂತು? ಈ ಚಟ ಅವರಿಗೆ ಹೊರಗಿನಿಂದ ಹತ್ತಿದ್ದಲ್ಲ. ಅಪ್ಪಂದಿರ ಪಕ್ಕದಲ್ಲಿ ಸೋಫಾದ ಮೇಲೆ ಕೂತು ಕಲಿತದ್ದು.

ಇನ್ನು ಹೋಲಿಕೆಯ ಪಟ್ಟಿಯಲ್ಲಿ ಎಂದೂ ಕಾಣದ ಸಾಲುಗಳಿವೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರದ ನರಸಾಪುರದಲ್ಲಿ, ಐಫೋನ್ ಎಸ್‌ಇ ತಯಾರಾಗುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಸಂಬಳ ಸರಿಯಾಗಿ ಬರುತ್ತಿಲ್ಲವೆಂದು ಸಿಟ್ಟಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿ ಮಾಡಿದರು. ಪುಡಿ ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಅದು ಸರಿಪಡಿಸಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆ್ಯಪಲ್ ಹೇಳಬೇಕಾಯಿತು. ಕೆಲಸಗಾರರಲ್ಲಿ ಹೆಚ್ಚಿನವರು ನಮ್ಮದೇ ಮಾತಾಡುವ, ನಮ್ಮದೇ ಬಸ್ಸು ಹತ್ತುವ ಹುಡುಗ ಹುಡುಗಿಯರು, ಗುತ್ತಿಗೆದಾರರ ಮೂಲಕ ಸೇರಿದವರು. ಆ ವಾರ ನಾವೇನು ಮಾಡುತ್ತಿದ್ದೆವು? ಜನವರಿಗೆ ಬರಲಿದ್ದ ಗ್ಯಾಲಕ್ಸಿ ಎಸ್21ರ ಸೋರಿಕೆಗಳನ್ನು ಐಫೋನ್ 12ರ ಪಕ್ಕದಲ್ಲಿಟ್ಟು ನೋಡುತ್ತಿದ್ದೆವು. ನರಸಾಪುರ ನಮಗೆ ಒಂದು ದಿನದ ಸುದ್ದಿ, ಅದೂ ಗಲಭೆಯ ಸುದ್ದಿ. ಇನ್ನೂ ದೂರ ಹೋದರೆ ಕಾಂಗೊ ದೇಶವಿದೆ. ಫೋನಿನ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಅಗೆಯುವುದು ಅಲ್ಲಿ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ಅದಿರು ಹೊತ್ತು ತೊಳೆಯುವುದನ್ನು ಆಮ್ನೆಸ್ಟಿ ಸಂಸ್ಥೆ ವರದಿ ಮಾಡಿದ್ದು ಮತ್ತದೇ 2016ರ ಜನವರಿಯಲ್ಲಿ. ಬ್ಯಾಟರಿ ಎಷ್ಟು ಎಂಎಎಚ್ ಎಂದು ಕೇಳುವ ನಾಲಿಗೆಗೆ ಅದು ಯಾರ ಕೈಯಿಂದ ಬಂತೆಂದು ಕೇಳುವ ಅಭ್ಯಾಸವಾಗಲೇ ಇಲ್ಲ.

ದುಡ್ಡಿನ ಮಾತು ಬಂದರೆ ಮಾತ್ರ ನಾವು ಜಾಣರು, ಹಾಗೆಂದು ನಂಬಿದ್ದೇವೆ. 2025ರ ಸೆಪ್ಟೆಂಬರಿನಲ್ಲಿ ಐಫೋನ್ 17 ಬಂದಾಗ ಅದರ ಬೆಲೆ 82,900 ರೂಪಾಯಿಯಿಂದ ಶುರು. ಆ ಸಾಲಿನಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಭಾಗಿಸಿ ನೋಡಿ, ಹೆಚ್ಚೂಕಡಿಮೆ 224 ದಿನದ ಮಣ್ಣು ಹೊರುವ ಕೆಲಸ. ಕೊಳ್ಳುವವನು ಬಹುಮಟ್ಟಿಗೆ ಆ ಕೂಲಿಯವನಲ್ಲ, ಒಪ್ಪೋಣ. ಆದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಅದು ಕೈಯಲ್ಲಿದ್ದ ದುಡ್ಡಿನಿಂದ ಬರುತ್ತಿಲ್ಲ, ಕಂತಿನ ಮೇಲೆ ಬರುತ್ತಿದೆ. ಬಡ್ಡಿಯಿಲ್ಲದ ಕಂತು ಎನ್ನುತ್ತಾರೆ, ನಂಬುತ್ತೇವೆ. ಸೊನ್ನೆ ಬಡ್ಡಿಯ ಸಾಲ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳ ಕಿವಿ ಹಿಂಡಿತ್ತು. ಬಡ್ಡಿ ಎಲ್ಲೂ ಹೋಗಿಲ್ಲ. ತಪ್ಪಿಹೋದ ರಿಯಾಯಿತಿಯ, ಪ್ರೊಸೆಸಿಂಗ್ ಶುಲ್ಕದ ವೇಷದಲ್ಲಿ ಅದು ನಮ್ಮ ಮನೆಯೊಳಗೇ ಕೂತಿದೆ. ಎಡಗೈಯಲ್ಲಿ ಎದುರಾಳಿ ಫೋನಿನ ಬೆಲೆಯಲ್ಲಿ ಐನೂರು ರೂಪಾಯಿ ವ್ಯತ್ಯಾಸ ಹುಡುಕುವವರು ಬಲಗೈಯಲ್ಲಿ ಹದಿನೆಂಟು ತಿಂಗಳ ಕಂತಿಗೆ ಓಟಿಪಿ ಒತ್ತುತ್ತೇವೆ.

ಹಳೆಯವು ಏನಾಗುತ್ತವೆ? ನಿಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರ್ ಎಳೆದು ನೋಡಿ. ನಮ್ಮಲ್ಲಿ ಏಳು ಸಿಕ್ಕವು, ಅದರಲ್ಲಿ ಮೂರು ಚಾರ್ಜಿಗೆ ಹಾಕಿದೊಡನೆ ಎದ್ದು ಕೂತವು, ಸತ್ತಿರಲೇ ಇಲ್ಲ. ಒಂದರ ಬ್ಯಾಟರಿ ಊದಿ ಹಿಂಬದಿಯ ಮುಚ್ಚಳ ಬಾಯಿ ಬಿಟ್ಟಿತ್ತು. ಅದನ್ನು ಬೆಂಕಿಪೊಟ್ಟಣದ ಪಕ್ಕದಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ನಿದ್ದೆ ಮಾಡಿದ್ದೇವೆ. 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಎಂದು ವಿಶ್ವಸಂಸ್ಥೆಯ ಲೆಕ್ಕ. ಉಳಿದದ್ದು ಗುಜರಿಯವನ ಗೋಣಿಚೀಲಕ್ಕೆ, ಅಲ್ಲಿಂದ ಆಸಿಡ್ಡಿನ ಬಕೆಟ್ಟಿಗೆ, ಅಲ್ಲಿಂದ ಯಾರದೋ ಬಾವಿಗೆ. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ನಿಯಮ ತಂದಿದೆ: ಫೋನಿನ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿ ಶೇ. 80 ಉಳಿದಿರಬೇಕು. ಅಲ್ಲಿಯವರೇನು ದೇವತೆಗಳಲ್ಲ, ಕೇಳಿ ಪಡೆದರು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬ್ಯಾಟರಿ ಬದಲಿಸಲು ಎಷ್ಟು ಖರ್ಚು, ಡಿಸ್‌ಪ್ಲೇ ಒಡೆದರೆ ಎಷ್ಟು, ಇವುಗಳಲ್ಲಿ ಒಂದನ್ನಾದರೂ ನಮ್ಮ ಆ ಎರಡು ಗಂಟೆಯ ಹೋಲಿಕೆಯಲ್ಲಿ ಯಾರಾದರೂ ಕೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಹಾಲು ತರಲು ಹೊರಟವನ ಕೈಗೆ ಅಮ್ಮ ಮತ್ತೆ ಆ ಫೋನು ತುರುಕಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಆರಡಿ ಅಗಲದ ಒಂದು ರಿಪೇರಿ ಅಂಗಡಿ ತೆರೆದಿತ್ತು. ಹುಡುಗ ಫೋನನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಕಿವಿಗೆ ಇಟ್ಟುಕೊಳ್ಳುವ ಕಡೆಯ ಸಣ್ಣ ಜಾಲರಿಯನ್ನು ಉಗುರಿನಿಂದ ಕೆರೆದ. "ಅಡುಗೆ ಮನೇಲಿ ಇಟ್ಕೊಂಡಿರ್ತಾರಾ ಸಾರ್?" ಹೌದೆಂದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಎರಡು ಹನಿ ಥಿನ್ನರ್ ಹಾಕಿ ಉಜ್ಜಿದ. ಕಪ್ಪು ಮೇಣದಂಥದು ಎದ್ದು ಬಂತು: ರಾಗಿ ಹಿಟ್ಟು, ಎಣ್ಣೆಜಿಡ್ಡು, ಧೂಳು, ಅಷ್ಟೇ. ಊದಿ, ಒರೆಸಿ, ತನ್ನದೇ ನಂಬರಿಗೆ ಹಚ್ಚಿ ನೋಡಿ ಕೊಟ್ಟ. ಇಪ್ಪತ್ತು ರೂಪಾಯಿ. ಎರಡು ನಿಮಿಷವೂ ಆಗಿರಲಿಲ್ಲ.

ಮನೆಗೆ ಬಂದು ಕೊಟ್ಟಾಗ ಅಮ್ಮ ಅದನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ ಕಿವಿನೇ ಹೋಯ್ತು ಅಂದ್ಕೊಂಡಿದ್ದೆ ಕಣೋ," ಎಂದಳು. ಐದು ತಿಂಗಳಿಂದ ಹಾಗಂದುಕೊಂಡಿದ್ದಳಂತೆ. ಕೇಳಿಸದೆ ಸುಮ್ಮನೆ ಹ್ಞೂಂ ಹ್ಞೂಂ ಎನ್ನುವುದು ಬೇಡವೆಂದು ಶಿರಾದಲ್ಲಿರುವ ತನ್ನ ಅಕ್ಕನಿಗೆ ಫೋನು ಮಾಡುವುದನ್ನೇ ಬಿಟ್ಟಿದ್ದಳು. ಈಗ ಒಲೆಯ ಮುಂದೆ ನಿಂತೇ ಹಚ್ಚಿದಳು. ದೊಡ್ಡಮ್ಮನ ದನಿ ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು: "ಬದುಕಿದ್ದೀಯೇನೇ?" ಅಷ್ಟರಲ್ಲಿ ನಡುಮನೆಯಿಂದ ಯಾರೋ, ಬಿಡುಗಡೆಯ ದಿನ ಒಂದು ವಾರ ಮುಂದೆ ಹೋಯಿತಂತೆ ಎಂದರು. ನಾನೂ ತಿರುಗಿ ನೋಡಿದೆ.